ಎರಡೂ ಕಡೆ ನೋಡಿಸಿದ ಕಾಕಾ

ಮೊನ್ನೆ ಕಿತ್ತೂರಿನಲ್ಲಿ ಒಂದು ಮದುವೆಯ ಫೋಟೋ ತೆಗೆಯಲು ಹೋಗಿದ್ದೆ. ಊಟ ಮುಗಿದ ಮೇಲೆ ಮದುಮಗಳ ಅಜ್ಜಿ ಕಂಬಕ್ಕೆ ಒರಗಿ ಕೂತು ಸೊಂಟದಿಂದ ಚಂಚಿ ತೆಗೆದಳು. ಚಂಚಿ ಎಂದರೆ ನಮ್ಮ ಕಡೆ ಎಲೆ ಅಡಿಕೆ ಇಟ್ಟುಕೊಳ್ಳುವ ಬಟ್ಟೆಯ ಚೀಲ. ಒಳಗೆ ಖಾನೆಗಳು, ಮೇಲೆ ಸುತ್ತಿ ಕಟ್ಟಲು ಒಂದು ದಾರ. ಈಗ ಅದು ಯಾರ ಬಳಿಯೂ ಕಾಣುವುದಿಲ್ಲ, ಎಲ್ಲರ ಕಿಸೆಯಲ್ಲೂ ಗುಟಕಾ ಚೀಟಿ ಬಂದಿದೆ. ಅಜ್ಜಿ ದಾರ ಬಿಚ್ಚಿದ್ದೇ ತಡ, ಲವಂಗ, ಕಾಚು, ಹಳೆಯ ಬಟ್ಟೆ ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬಂತು. ಕ್ಯಾಮೆರಾ ಕೈಯಲ್ಲೇ ಇತ್ತು, ಆದರೆ ನಾನು ಅಲ್ಲಿರಲಿಲ್ಲ... ಬೈಲಹೊಂಗಲದ ನನ್ನ ಸ್ಟುಡಿಯೋದ ಕಟ್ಟೆಯ ಮೇಲೆ, ಕಾಕಾನ ಪಕ್ಕದಲ್ಲಿ ಕೂತುಬಿಟ್ಟಿದ್ದೆ.

ಕಾಕಾ ನನ್ನ ಅಪ್ಪನ ತಮ್ಮನೇನಲ್ಲ. ಇಡೀ ಊರು ಕಾಕಾ ಅನ್ನುತ್ತಿತ್ತು, ನಾನೂ ಅಂದೆ. ಲಗ್ನ ಕೂಡಿಸುವುದು ಅವರ ಕೆಲಸ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆ ಯಾವ ಮನೆಯಲ್ಲಿ ಲಗ್ನಕ್ಕೆ ಬಂದ ಹುಡುಗಿ ಇದ್ದಾಳೆ, ಯಾವ ಮನೆಯ ಹುಡುಗ ಮೂಗು ಮುರಿಯುತ್ತಾನೆ, ಯಾರ ಅಜ್ಜ ಯಾರ ಸೋದರಮಾವನ ಕೂಡ ಜಗಳ ಆಡಿದ್ದ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ ಇರುತ್ತಿತ್ತು. ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ಟೋಪಿ, ಹಣೆಯ ತುಂಬ ವಿಭೂತಿ. ಊರಿಗೆಲ್ಲ ಲಗ್ನ ಮಾಡಿಸಿದ ಮನುಷ್ಯ, ತಾವು ಮಾತ್ರ ಲಗ್ನವಿಲ್ಲದೆ ಹಾಗೇ ಉಳಿದಿದ್ದರು. ಯಾರಾದರೂ ಚೇಷ್ಟೆ ಮಾಡಿ, "ಕಾಕಾ, ನಿಮ್ಮದು ಯಾವಾಗ್ರಿ?" ಎಂದರೆ, "ನನಗ ತಕ್ಕ ಮನೆತನ ಇನ್ನೂ ಸಿಕ್ಕಿಲ್ಲಪಾ, ಹುಡುಕಾಕ ಹತ್ತೇನಿ" ಎಂದು ನಗುತ್ತಿದ್ದರು.

ನನಗೂ ಅವರಿಗೂ ನಂಟು ಬೆಳೆದದ್ದು ಫೋಟೋದಿಂದ. ಕನ್ಯೆ ತೋರಿಸುವ ಫೋಟೋ, ವರ ತೋರಿಸುವ ಫೋಟೋ ಎಲ್ಲ ನನ್ನ ಸ್ಟುಡಿಯೋದಲ್ಲೇ ತೆಗೆಸುತ್ತಿದ್ದರು. ನಾನು ಫೋಕಸ್ ಮಾಡುತ್ತಿದ್ದರೆ ಬೆನ್ನ ಹಿಂದೆ ನಿಂತು ಹುಡುಗಿಗೆ, "ಏ ಯವ್ವಾ, ಅಷ್ಟ ಹಲ್ಲು ಕಾಣಂಗ ನಗಬ್ಯಾಡ, ಆಗೋ ಅತ್ತೀಗೆ ಈಗಿಂದನ ಅಂಜಿಕಿ ಬಂದೀತು" ಅನ್ನುತ್ತಿದ್ದರು. ಹುಡುಗಿ ಇನ್ನೂ ಜೋರಾಗಿ ನಕ್ಕುಬಿಡುವಳು. ಆ ಫೋಟೋವೇ ಚೆನ್ನಾಗಿ ಬರುತ್ತಿತ್ತು.

ಅವರ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಮಾತುಕತೆ ಕೂಡಲಿ, ಮುರಿಯಲಿ, ಎರಡೂ ಕಡೆಯವರು ಒಬ್ಬರ ಕೈಯಿಂದ ಒಬ್ಬರು ಎಲೆ ತಿನ್ನದೆ ಏಳುವಂತಿರಲಿಲ್ಲ. ಚಂಚಿ ಬಿಚ್ಚಿ ಎಲೆ ಹಂಚಿ, ಸುಣ್ಣ ಹಚ್ಚಿಸಿ, "ಬದಲ ಮಾಡ್ರಿ" ಅನ್ನುತ್ತಿದ್ದರು. ಸಂಬಂಧ ಬೇಡವೆಂದು ಸಿಟ್ಟಿನಿಂದ ಎದ್ದವರನ್ನೂ ಕೈ ಹಿಡಿದು ಕೂರಿಸಿ ತಿನ್ನಿಸಿದ್ದನ್ನು ನಾನೇ ಕಂಡಿದ್ದೇನೆ. ಬಾಯಿ ಕೆಂಪಾದ ಮೇಲೆ ಯಾರೂ ಬಹಳ ಹೊತ್ತು ಜಗಳ ಆಡುವುದಿಲ್ಲ ಎಂಬುದು ಅವರ ಲೆಕ್ಕ.

ಇನ್ನು ನನ್ನ ಸುದ್ದಿ. ನಾನು ಗಂಡಸರನ್ನು ಪ್ರೀತಿಸುವವನು. ಇದನ್ನು ಬರೆಯಲು ಈಗ ಕೈ ಹಿಂಜರಿಯುವುದಿಲ್ಲ, ಆಗ ಮನಸ್ಸಿನಲ್ಲಿ ಅಂದುಕೊಳ್ಳಲೂ ಬೆವರು ಬರುತ್ತಿತ್ತು. ಗಂಡಸರು ಗಂಡಸರನ್ನು ಹುಡುಕುವ ಆ್ಯಪ್ ಫೋನಿನಲ್ಲಿ ಬಂದ ಹೊಸತು. ನಮ್ಮಂಥವರು ಇಡೀ ಜಿಲ್ಲೆಗೆ ನಾನೊಬ್ಬನೇ ಎಂದುಕೊಂಡಿದ್ದವನಿಗೆ ಮುರಗೋಡದಲ್ಲಿ ಒಬ್ಬ, ಕಟಕೋಳದಲ್ಲಿ ಒಬ್ಬ, ಯರಗಟ್ಟಿಯಲ್ಲಂತೂ ನಾಲ್ಕಾರು ಮಂದಿ ಕಂಡರು. ಎಂಥ ಖುಷಿ ಅಂತೀರಿ! ರವಿವಾರ ಯರಗಟ್ಟಿಯ ಒಂದು ಚಹಾದಂಗಡಿಯಲ್ಲಿ ನಾವು ಕೆಲವರು ಕೂಡುತ್ತಿದ್ದೆವು. ಹೊರಗಿನವರಿಗೆ ಬೀಜ ಗೊಬ್ಬರದ ಮಾತು ಆಡುವ ಹುಡುಗರಂತೆ ಕಾಣುತ್ತಿದ್ದೆವು. ಒಳಗೆ ನಡೆಯುತ್ತಿದ್ದದ್ದು ಪೂರಾ ಬೇರೆ ಮಾತು.

ಆ ರೋಗದ ಹೆದರಿಕೆ ನಮಗಿರಲಿಲ್ಲವೇ? ಇತ್ತು. ಎಚ್‌ಐವಿ ಅನ್ನುವ ಅಕ್ಷರ ಕೇಳಿದರೆ ಎಲ್ಲರೂ ದನಿ ತಗ್ಗಿಸುತ್ತಿದ್ದೆವು. ಆದರೆ ಅದು ನಮ್ಮ ಹತ್ತಿರ ಬರುವ ದಾರಿ ಯಾವುದೆಂದು ನಾವೇ ನಿರ್ಧಾರ ಮಾಡಿಬಿಟ್ಟಿದ್ದೆವು. ದವಾಖಾನೆಯ ಗೋಡೆಯ ಚಿತ್ರದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಇರುತ್ತಿದ್ದರು. ಅಂದಮೇಲೆ ಅದು ಅವರ ರೋಗ, ನಮ್ಮದಲ್ಲ. ಅದು ಹೈವೇದ ರೋಗ, ಲಾರಿಯವರ ರೋಗ, ದೊಡ್ಡ ಊರಿನ ರೋಗ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಹಾಕದಿದ್ದರೆ ನಾನು ಕುರ್ಚಿಯಿಂದ ಎದ್ದು ಬರುತ್ತಿದ್ದೆ. ಅಷ್ಟು ಹುಷಾರಿ ಮನುಷ್ಯ ನಾನು!

ಜೊತೆಗಾರನನ್ನು ಹೇಗೆ ಆರಿಸುತ್ತಿದ್ದೆವು ಗೊತ್ತೇ? ಮನೆಯಲ್ಲಿ ಹಿರಿಯರು ಸಂಬಂಧ ನೋಡುವ ಹಾಗೆ. ಮೊದಲ ಪ್ರಶ್ನೆಯೇ, "ಯಾವ ಊರು, ಯಾರ ಪೈಕಿ?" ಹುಬ್ಬಳ್ಳಿ, ಬೆಳಗಾವಿಯವನಾದರೆ ಬೇಡ. ನಮ್ಮ ತಾಲೂಕಿನವನಾದರೆ ಅರ್ಧ ಪಾಸು. ಹೊಲ ಮನೆ ಇದ್ದವನು, ಇಸ್ತ್ರಿ ಅಂಗಿ, ಶುಭ್ರ ಉಗುರು, ಹಣೆಗೆ ವಿಭೂತಿ ಇದ್ದರೆ ಪೂರಾ ಪಾಸು. ಪಾಸಾದವನ ಜೊತೆ ಕಾಂಡೋಮ್ ಯಾಕೆ ಬೇಕು? ಕೇಳಿದರೆ ಅವನ ಮನೆತನಕ್ಕೇ ಅವಮಾನ ಮಾಡಿದ ಹಾಗೆ. ಅಲ್ಲದೆ ಕೊಳ್ಳುವುದಾದರೂ ಎಲ್ಲಿ? ಮೆಡಿಕಲ್ ಅಂಗಡಿಯವ ನಮ್ಮಪ್ಪನ ದೋಸ್ತ. ಫೋಟೋ ತೆಗೆಯುವವನಿಗೆ ಇನ್ನೊಂದು ಸೊಕ್ಕೂ ಇರುತ್ತದೆ, ಮುಖ ನೋಡಿದರೆ ಮನುಷ್ಯ ಗೊತ್ತಾಗುತ್ತಾನೆ ಅಂತ. ಆ ಸೊಕ್ಕಿನಲ್ಲಿ ನಾನು ಹಲವರನ್ನು ಪಾಸು ಮಾಡಿದೆ...

ಅಷ್ಟರಲ್ಲಿ ರಾಮದುರ್ಗದವನು ಸಿಕ್ಕ. ವಿದ್ಯುತ್ ಕಂಬ ಹತ್ತುವ ಲೈನ್‌ಮನ್. ಕಪ್ಪಗೆ, ಗಟ್ಟಿಮುಟ್ಟಾಗಿ, ಮಾತು ಕಡಿಮೆ. ಧಾರವಾಡದಲ್ಲಿ ಓದುವಾಗ ಒಬ್ಬ ಹುಡುಗಿಯನ್ನು ಬಹಳ ಪ್ರೀತಿಸಿದ್ದೆ, ಅವಳ ಲಗ್ನವಾಯಿತು ಎಂದು ಮೊದಲ ಭೇಟಿಯಲ್ಲೇ ಹೇಳಿದ್ದ. "ನನಗ ಎರಡೂ ಕಡೆ ಮನಸ್ಸು ಹೋಗತೈತಿ. ಈಗ ನಿನ್ನ ಕಡೆ ಬಂದೈತಿ" ಅಂದಿದ್ದ. ಇಷ್ಟು ಸರಳವಾಗಿ ಯಾರೂ ನನ್ನ ಮುಂದೆ ಮಾತಾಡಿರಲಿಲ್ಲ. ನಾನು ಪೂರಾ ಕರಗಿ ಹೋದೆ.

ಒಂದೇ ಒಂದು ತಕರಾರು. ಅವನು ಪ್ರತಿ ಸಲವೂ ಕಾಂಡೋಮ್ ತರುತ್ತಿದ್ದ, ಅದಿಲ್ಲದೆ ಆಗುವುದೇ ಇಲ್ಲ ಅನ್ನುತ್ತಿದ್ದ. ನಾನು ಸಿಟ್ಟು ಮಾಡಿಕೊಂಡರೆ, "ಲೈನ್ ಬಂದ್ ಐತಿ ಅಂತ ಗೊತ್ತಿದ್ರೂ ನಾವು ಕೈಗೆ ಗ್ಲೌಸ್ ಹಾಕ್ಕೊಂಡ ಕಂಬ ಹತ್ತೂದು. ನಿನ್ನ ಮ್ಯಾಲ ಸಂಶೆ ಇಲ್ಲ. ರೂಢಿ ಅಷ್ಟ" ಎಂದು ನಗುತ್ತಿದ್ದ. ನನ್ನ ತಲೆ ಓಡಿದ ದಿಕ್ಕನ್ನು ನೋಡಿ: ಇಷ್ಟು ಹೆದರುತ್ತಾನೆ ಅಂದರೆ ಇವನಿಗೇ ಏನೋ ಇರಬೇಕು! ಹುಷಾರಾಗಿರುವವನ ಮೇಲೆಯೇ ನನಗೆ ಸಂಶಯ. ಅವನ ಜೊತೆ ಇಡೀ ಆಯುಷ್ಯ ಕಳೆಯುವ ಆಸೆ ಒಂದು ಕಡೆ, ಈ ಸಂಶಯ ಒಂದು ಕಡೆ. ನಿದ್ದೆ ಹೋಯಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ರಾಮದುರ್ಗದ ಮನೆತನಗಳನ್ನು ಕಾಕಾನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮಧ್ಯಾಹ್ನ, ಬಜಾರು ಉಂಡು ಮಲಗಿದ ಹೊತ್ತು. ಕಾಕಾ ನನ್ನ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ನಾನು ಕ್ಯಾಮೆರಾದ ಲೆನ್ಸ್ ಒರೆಸುವ ನೆಪದಲ್ಲಿ ಮಾತು ತೆಗೆದೆ.

"ಕಾಕಾ, ರಾಮದುರ್ಗದಾಗ ಒಬ್ಬ ಹುಡುಗ ಅದಾನ್ರಿ, ಲೈನ್‌ಮನ್. ನಮ್ಮ ಅತ್ತಿ ಮಗಳಿಗೆ ನೋಡಬೇಕಂತ ಮಾಡೇವಿ. ಮನೆತನ ಹ್ಯಾಂಗ ಐತ್ರಿ?"

ಹೆಸರು ಹೇಳಿದ ಕೂಡಲೇ ಕಾಕಾನ ಬಾಯಿಂದ ಸರಾಗವಾಗಿ ಬಂತು. ಅಜ್ಜ ಹಿಂಗ, ಅಪ್ಪ ಹಂಗ, ತಾಯಿಯ ತವರು ಕಟಕೋಳ, ಬಾಯಿ ಶುದ್ಧ ಕೈ ಶುದ್ಧ ಇರುವ ಮಂದಿ, ಒಂದು ಕೋರ್ಟು ಕಚೇರಿ ಮೆಟ್ಟಿಲು ಹತ್ತಿದವರಲ್ಲ.

"ಜಡ್ಡು ಜಾಪತ್ರಿ ಏನರ..." ಎಂದು ರೋಗದ ಮಾತು ತೆಗೆದೆ ನಾನು, ದನಿ ತಗ್ಗಿಸಿ.

ಕಾಕಾ ಅಡಿಕೆ ಕತ್ತರಿ ಕೆಳಗಿಟ್ಟರು. "ಯಾವ ಅತ್ತಿ ಮಗಳಪಾ?"

"ನಮ್ಮ... ಅತ್ತಿ ಮಗಳ್ರಿ."

"ನಿನ್ನ ದೊಡ್ಡತ್ತಿ ಮಗಳನ್ನ ಸವದತ್ತಿಗೆ ಕೊಡಿಸಿದಾಂವ ನಾನ. ಸಣ್ಣತ್ತಿಗೆ ಇಬ್ಬರೂ ಗಂಡಮಕ್ಕಳು. ಈ ಹುಡುಗೀನ ಎಲ್ಲಿಂದ ತಂದೆಲೇ?"

ನಾಲ್ಕು ತಾಲೂಕಿನ ಬಳಗ ಬಾಯಿಪಾಠ ಇರುವ ಮನುಷ್ಯನ ಮುಂದೆ ಇಲ್ಲದ ಅತ್ತೆಮಗಳನ್ನು ಹುಟ್ಟಿಸಿದ ಶಾಣ್ಯಾ ನಾನು! ಒರೆಸಿದ ಲೆನ್ಸನ್ನೇ ಮತ್ತೆ ಒರೆಸತೊಡಗಿದೆ. ಕಾಕಾ ನನ್ನ ಮುಖ ನೋಡಿದರು. ಆಮೇಲೆ ಅವರ ತುಟಿಯ ಅಂಚಿನಲ್ಲಿ ನಗು ಬಂತು.

"ಅಂಜಬ್ಯಾಡ ತಮ್ಮಾ. ನಿನ್ನ ವಯಸ್ಸಿನ್ಯಾಗ ನಾನೂ ಇಂಥಾ ಅತ್ತಿ ಮಕ್ಕಳನ್ನ ಭಾಳ ಮಂದಿ ಹುಟ್ಟಸೇನಿ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದಾಗ ಕಣ್ಣು ತುಂಬಿದವು. ಇಷ್ಟು ವರ್ಷ ನನ್ನ ಬೆನ್ನ ಹಿಂದೆ ನಿಂತು ಹುಡುಗಿಯರನ್ನು ನಗಿಸಿದ ಮನುಷ್ಯ ನನ್ನಂಥವನೇ ಆಗಿದ್ದ! ತಕ್ಕ ಮನೆತನ ಸಿಕ್ಕಿಲ್ಲ ಎಂಬ ನಗೆಮಾತಿನ ಹಿಂದೆ ಇಷ್ಟು ದೊಡ್ಡ ಮಾತು ಇತ್ತು. ನಾನು ಎಲ್ಲವನ್ನೂ ಹೇಳಿದೆ. ಲೈನ್‌ಮನ್, ಗ್ಲೌಸ್, ನನ್ನ ಸಂಶಯ, ಒಂದನ್ನೂ ಬಿಡಲಿಲ್ಲ.

ಕಾಕಾ ಕೇಳಿ ಮುಗಿಸಿ, "ನನ್ನ ಮನೆತನ ಹ್ಯಾಂಗಪಾ?" ಎಂದರು.

"ನಿಮ್ಮದೇನ್ರಿ ಕಾಕಾ, ಯಾರರ ಬೆಟ್ಟು ಮಾಡಿ ತೋರಸಾಕ ಆಗತೈತೇನು?"

ಅವರು ಚಂಚಿಯ ಎಲ್ಲಕ್ಕಿಂತ ಒಳಗಿನ ಖಾನೆಗೆ ಬೆರಳು ಹಾಕಿ ಕಾಗದದಲ್ಲಿ ಸುತ್ತಿದ ಒಂದು ಗುಳಿಗೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡರು. "ಮತ್ತ ನನಗ ಅದು ಐತಲ್ಲೋ. ದಿನಾ ಒಂದು ಗುಳಗಿ, ಸರಕಾರ ಪುಕ್ಕಟ ಕೊಡತೈತಿ. ತಗೊಂಡು ಗಟ್ಟಿ ಅದೇನಿ, ಕಾಣಸೂದಿಲ್ಲೇನು?"

"ಯಾರಿಂದ ಬಂತ್ರಿ ಕಾಕಾ?"

"ಚಲೋ ಮನೆತನದವನಿಂದ" ಎಂದರು.

ಅವರು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಗುಳಿಗೆ ಮತ್ತೆ ಒಳಗಿಟ್ಟು, ದಾರ ಸುತ್ತುತ್ತ ಕೇಳಿದರು, "ನೀ ಟೆಸ್ಟ್ ಮಾಡಸೀ?"

"ನಾನ್ಯಾಕ್ರಿ?"

ಎಷ್ಟು ಸಹಜವಾಗಿ ಬಂತು ನೋಡಿ ಆ ಮಾತು. ಕಾಕಾ ತಲೆ ಅಲ್ಲಾಡಿಸಿದರು. "ಮಂದಿ ಮನಿ ನೋಡಾಕ ಹೊಂಟಾಂವ ತನ್ನ ಮನಿ ಬಾಗಲಾ ಹಾಕ್ಕೊಂಡ ಕುಂತ್ರ ಹ್ಯಾಂಗ? ಈ ಸಂಬಂಧ ನನ್ನ ಕೈಯಾಗ ಕೊಟ್ಟೀದಿ ಅಂದಮ್ಯಾಲ ನೋಡೂದು ಎರಡೂ ಕಡೆ. ಅಂವಗೂ ಹೇಳು."

ಬೈಲಹೊಂಗಲದ ದವಾಖಾನೆಯಲ್ಲಿ ನನ್ನನ್ನು ಎಲ್ಲರೂ ಬಲ್ಲರು, ರಾಮದುರ್ಗದಲ್ಲಿ ಅವನನ್ನು. ಹಾಗಾಗಿ ಸವದತ್ತಿ ಎಂದು ಕಾಕಾ ಗೊತ್ತು ಮಾಡಿದರು, ಎರಡೂ ಕಡೆಯವರಿಗೆ ಸರಿಯಾಗುವ ಊರಲ್ಲಿ ಮಾತುಕತೆ ಇಡುವ ಹಾಗೆಯೇ. ಬಸ್ಸಿನಲ್ಲಿ ಪರಿಚಯದವರೊಬ್ಬರು ನನ್ನ ಇಸ್ತ್ರಿ ಅಂಗಿ ನೋಡಿ, "ಏನ್ ಕಾಕಾ, ಫೋಟೋದವಗ ಕನ್ಯಾ ನೋಡಾಕ ಹೊಂಟ್ರೇನು?" ಎಂದು ಕೇಳಿದರು. "ಇಲ್ರಿ, ಗಂಡು ತೋರಸಾಕ ಒಯ್ಯಾಕ ಹತ್ತೇನಿ" ಎಂದರು ಕಾಕಾ. ಒಂದು ಅಕ್ಷರವೂ ಸುಳ್ಳಿಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ನಗು ತಡೆದುಕೊಂಡೆ.

ರಾಮದುರ್ಗದವನು ಮೊದಲೇ ಬಂದು ದವಾಖಾನೆಯ ಬೇವಿನ ಮರದ ಕೆಳಗೆ ನಿಂತಿದ್ದ. ಕಾಕಾನ ಕಾಲಿಗೆ ನಮಸ್ಕಾರ ಮಾಡಿದ. ಒಳಗೆ ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕರೆದರು. ಆಪ್ತ ಸಮಾಲೋಚನೆಯ ಮೇಡಂ ಕೇಳಬೇಕಾದ್ದನ್ನೆಲ್ಲ ಕೇಳಿದರು, ಹುಬ್ಬು ಮಾತ್ರ ಏರಿಸಲಿಲ್ಲ. "ಗಂಡಸರ ಕೂಡ ಇದ್ರೂ ಬರತೈತೇನ್ರಿ ಮೇಡಂ?" ಎಂದು ಕೇಳಿದೆ. "ಅದಕ್ಕ ಗಂಡು ಹೆಣ್ಣು ತಿಳಿಯಂಗಿಲ್ರಿ" ಎಂದರು. ರಕ್ತ ಕೊಟ್ಟು ಹೊರಗೆ ಬಂದೆವು. ಕಾಯುವಾಗ ನಾನು ಅವನಿಗೆ ಧೈರ್ಯ ಹೇಳುತ್ತಿದ್ದೆ. ಏನೇ ಬಂದರೂ ನಿನ್ನನ್ನು ಬಿಡುವುದಿಲ್ಲ ಎಂದೆಲ್ಲ ದೊಡ್ಡ ಮನಸ್ಸು ತೋರಿಸಿದೆ.

ಮತ್ತೆ ಕರೆದರು. ಒಂದೇ ಪರೀಕ್ಷೆಯಲ್ಲ, ಬೇರೆಬೇರೆ ಮಾಡಿ ಖಾತ್ರಿ ಮಾಡಿಕೊಂಡಿದ್ದೇವೆ ಎಂದು ಮೇಡಂ ಮೆಲ್ಲಗೆ ಹೇಳಿದರು. ನನಗೆ ಇತ್ತು.

ಮೇಡಂ ಬಹಳ ಹೇಳಿದರು. ಗುಳಿಗೆಯ ವಿಷಯ, ಊಟದ ವಿಷಯ, ಮುಂದೆ ಎಲ್ಲಿಗೆ ಹೋಗಬೇಕೆಂಬ ವಿಷಯ. ನನ್ನ ಕಿವಿಗೆ ಹೋಗಿದ್ದು ಫ್ಯಾನಿನ ಸಪ್ಪಳ ಮಾತ್ರ. ನಾನು ಪಾಸು ಮಾಡಿದ ಮುಖಗಳು ಒಂದೊಂದೇ ಕಣ್ಣ ಮುಂದೆ ಬಂದವು. ಇಸ್ತ್ರಿ ಅಂಗಿ, ಶುಭ್ರ ಉಗುರು, ಚಲೋ ಮನೆತನ... ಯಾರೋ ಒಬ್ಬ. ಆ ಒಬ್ಬನಿಗೂ ಗೊತ್ತಿತ್ತೋ ಇಲ್ಲವೋ. ಅವನೂ ನನ್ನನ್ನು ಪಾಸು ಮಾಡಿದ್ದನಲ್ಲ.

ಹೊರಗೆ ಬಂದು ಇಬ್ಬರಿಗೂ ಹೇಳಿದೆ. ರಾಮದುರ್ಗದವನು ತನ್ನದನ್ನು ಹೇಳಿದ, ಅವನಿಗೆ ಇರಲಿಲ್ಲ. ನಾನು ರೇಗಿದ್ದ, ಸಂಶಯ ಪಟ್ಟಿದ್ದ ಆ ರೂಢಿಯೇ ಅವನನ್ನು ನನ್ನಿಂದ ಉಳಿಸಿತ್ತು. ನಾಚಿಕೆ, ಹೆದರಿಕೆ, ಅವನು ಉಳಿದನಲ್ಲ ಎಂಬ ಸಮಾಧಾನ, ಎಲ್ಲ ಒಟ್ಟಿಗೆ ಬಂದವು. ಬೇವಿನ ಮರದ ಕಟ್ಟೆಯ ಮೇಲೆ ಕೂತೆ, ಅವನಿಂದ ದೂರ ಸರಿದು.

ಕಾಕಾ ನಮ್ಮ ನಡುವೆ ಬಂದು ಕೂತರು. ಚಂಚಿ ಬಿಚ್ಚಿದರು. ನನಗೊಂದು ಎಲೆ, ಅವನಿಗೊಂದು ಎಲೆ ಕೊಟ್ಟರು. ಸುಣ್ಣದ ಡಬ್ಬಿ ನಡುವೆ ಇಟ್ಟು, "ಹಚ್ಚರಿ. ಬದಲ ಮಾಡ್ರಿ" ಎಂದರು.

ನಾನು ಎಲೆ ಮಡಿಸಿ ಕೈ ಹಿಂದಕ್ಕೆ ಎಳೆದುಕೊಂಡೆ. "ಬ್ಯಾಡ್ರಿ ಕಾಕಾ, ನನ್ನ ಕೈಯಾಗಿಂದು..."

ಮಾತು ಮುಗಿಯುವ ಮೊದಲೇ ಅವನು ನನ್ನ ಕೈಯಿಂದ ಎಲೆ ಕಸಿದು ಬಾಯಿಗೆ ಹಾಕಿಕೊಂಡ. ಅಗಿದ. ಅವನ ಕಣ್ಣಲ್ಲಿ ನೀರು ಬಂತು.

"ಎಷ್ಟ ಸುಣ್ಣ ಹಚ್ಚತಿಲೇ! ಬಾಯಿ ಸುಟ್ಟ ಹೋತು" ಎಂದ.

"ಸಂಬಂಧ ಕೂಡತೈತೋ ಇಲ್ಲೋ ಗೊತ್ತಿಲ್ಲ" ಎಂದರು ಕಾಕಾ, "ಜಗಳ ಅಂತೂ ಶುರು ಆತು."

ನಾನು ಅಳುತ್ತ ನಕ್ಕೆ. ಅವನು ತನ್ನ ಎಲೆಯನ್ನು ನನ್ನ ಬಾಯಿಗೇ ಇಟ್ಟ. ಕಾಕಾ ಟೋಪಿ ತೆಗೆದು ಬೆವರು ಒರೆಸಿಕೊಂಡರು, ಒಂದು ದೊಡ್ಡ ಸಂಬಂಧ ಕುದುರಿಸಿದಾಗ ಹಾಗೆ ಮಾಡುವುದು ಅವರ ರೂಢಿ.

ಗುಳಿಗೆ ಶುರು ಮಾಡಿದ ಮೊದಲ ಕೆಲವು ವಾರ ತಲೆ ತಿರುಗುತ್ತಿತ್ತು, ಕೆಟ್ಟ ಕನಸು ಬೀಳುತ್ತಿದ್ದವು. ಕಾಕಾ ದಿನಾ ಬಂದು ಕಟ್ಟೆಯ ಮೇಲೆ ಕೂತು, "ನಂದು ಆತು, ನಿಂದು?" ಅನ್ನುತ್ತಿದ್ದರು. ಇಬ್ಬರೂ ಗುಳಿಗೆ ನುಂಗಿ ನೀರು ಕುಡಿಯುತ್ತಿದ್ದೆವು. ಕ್ರಮೇಣ ಅದು ಚಹಾ ಕುಡಿದಷ್ಟೇ ಸಲೀಸಾಯಿತು. ಮುಂದೆ ಒಂದು ದಿನ ಡಾಕ್ಟರು, ನಿನ್ನ ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೇ ಸಿಗುತ್ತಿಲ್ಲ, ಗುಳಿಗೆ ತಪ್ಪಿಸದೆ ಹೀಗೇ ಇದ್ದರೆ ನಿನ್ನ ಸಂಗಾತಿಗೂ ಅದು ದಾಟುವುದಿಲ್ಲ ಎಂದರು. ಓಡಿ ಬಂದು ರಾಮದುರ್ಗದವನಿಗೆ ಹೇಳಿದೆ. "ಚಲೋ ಆತು. ಗ್ಲೌಸ್ ಮಾತ್ರ ಇನ್ನಷ್ಟು ದಿನ ಇರಲಿ" ಎಂದು ಕಣ್ಣು ಹೊಡೆದ. ರೂಢಿಯ ಮನುಷ್ಯ.

ಯರಗಟ್ಟಿಯ ಗೆಳೆಯರಿಗೂ ಹೇಳಿದೆ. ಅವರಲ್ಲಿ ಒಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ನೋಡಿದ್ರ ಹಂಗ ಅನಸೂದಿಲ್ಲಲೇ" ಎಂದ. "ಅದಕ್ಕ ಹೇಳಾಕ ಹತ್ತೇನಿ" ಎಂದೆ. ಒಬ್ಬಿಬ್ಬರು ಬರುವುದನ್ನೇ ಬಿಟ್ಟರು. ಉಳಿದವರನ್ನು ಕಾಕಾ ಇಸ್ತ್ರಿ ಅಂಗಿ ಹಾಕಿಸಿ ಸವದತ್ತಿಗೆ 'ಗಂಡು ತೋರಿಸಲು' ಕರೆದೊಯ್ದರು. ಹೆಚ್ಚಿನವರಿಗೆ ಏನೂ ಇರಲಿಲ್ಲ. ಇದ್ದವರಿಗೆ ಕಾಕಾ ಇದ್ದರು. ಎರಡೂ ಥರದವರಿಗೆ ಬೇವಿನ ಮರದ ಕೆಳಗೆ ಎಲೆ ಸಿಕ್ಕಿತು.

ರಾಮದುರ್ಗದ ಮನೆಯವರು ಮಗನಿಗೆ ಕನ್ಯೆ ಹುಡುಕಿ ಎಂದು ಬೇರೆ ಯಾರಿಗೂ ಅಲ್ಲ, ಕಾಕಾನಿಗೇ ಹೇಳಿದರು! ಈ ವರ್ಷ ಗುರುಬಲ ಇಲ್ಲ, ಮುಂದಿನ ವರ್ಷ ನೋಡೋಣ ಎಂದು ಕಾಕಾ ವರ್ಷ ವರ್ಷ ತಳ್ಳಿದರು. ಕಡೆಗೆ ಅವನೇ ತಾಯಿಗೆ ನನಗೆ ಲಗ್ನ ಬೇಡ ಎಂದು ಹೇಳಿದ ದಿನ, "ಹುಡುಗನ ಮನಸ್ಸಿನ ವಿರುದ್ಧ ಒಂದು ಹೆಣ್ಣಿನ ಬಾಳೇ ಹಾಳ ಮಾಡಬ್ಯಾಡ್ರಿ ತಂಗಿ" ಎಂದು ಆ ತಾಯಿಯನ್ನು ಒಪ್ಪಿಸಿದವರೂ ಅವರೇ. ಈಗ ಅವನಿಗೆ ಬೈಲಹೊಂಗಲಕ್ಕೆ ವರ್ಗವಾಗಿದೆ. ನನ್ನ ಮನೆಯ ಮಾಳಿಗೆಯ ಕೋಣೆ ಅವನದು. ಊರಿಗೆ ಅವನು ನನ್ನ ಬಾಡಿಗೆದಾರ.

ಕಾಕಾ ಹೋಗಿ ಎರಡು ಬೇಸಿಗೆ ಕಳೆದವು. ಎದೆ ನೋವು ಎಂದರಂತೆ, ನೀರು ತರುವಷ್ಟರಲ್ಲಿ ಮುಗಿದಿತ್ತು. ವಯಸ್ಸಾಗಿತ್ತು, ಆ ರೋಗಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಮಣ್ಣು ಮಾಡುವಾಗ ಜನ ಬಹಳ ಸೇರಿದ್ದರು, ಎಲ್ಲರೂ ಅವರು ಕೂಡಿಸಿದ ಜೋಡಿಗಳೇ. "ಪಾಪ, ಎಷ್ಟ ಮಂದಿ ಸಂಸಾರ ಕಟ್ಟಿಕೊಟ್ಟಾಂವಗ ಹಿಂದ ಯಾರೂ ಇಲ್ಲ" ಎಂದು ಹೆಂಗಸರು ಮರುಗಿದರು. ನಾನು, ರಾಮದುರ್ಗದವನು, ಯರಗಟ್ಟಿಯ ಆ ಹುಡುಗರು ಹಿಂದುಗಡೆ ಸಾಲಾಗಿ ನಿಂತಿದ್ದೆವು. ಮುಂದೆ ಹೋಗಿ ಮಣ್ಣು ಹಾಕಿದೆವು, ಆದರೆ ನಾವು ಯಾರು ಎಂದು ಹೇಳುವ ಬಾಯಿ ಬರಲಿಲ್ಲ. ಅವರ ತಮ್ಮನ ಸೊಸೆಯನ್ನು ಚಂಚಿಯ ಬಗ್ಗೆ ಕೇಳಿದೆ. "ಅವರ ಕೂಡನ ಇಟ್ಟೇವ್ರಿ, ಅದ ಬಿಟ್ಟ ಇದ್ದಾರಲ್ಲ ಅವರು" ಎಂದಳು. ಒಳಗಿನ ಖಾನೆಯಲ್ಲಿ ಅವತ್ತಿನ ಗುಳಿಗೆ ಇತ್ತೋ, ತಗೊಂಡಿದ್ದರೋ... ಈಗಲೂ ಒಮ್ಮೊಮ್ಮೆ ಬೆಳಗ್ಗೆ ನೀರಿನ ಲೋಟ ಹಿಡಿದಾಗ "ನಂದು ಆತು, ನಿಂದು?" ಎಂಬ ದನಿಗೆ ಕಾಯುತ್ತೇನೆ.

ಕಿತ್ತೂರಿನ ಅಜ್ಜಿ ನಾನು ಅವಳ ಚಂಚಿಯನ್ನೇ ನೋಡುತ್ತ ನಿಂತಿದ್ದನ್ನು ಕಂಡಳು. ಒಂದು ಎಲೆಗೆ ಸುಣ್ಣ ಸವರಿ ಕೈ ಚಾಚಿದಳು.

"ತಗೊಳಪಾ. ಯಾರ ಪೈಕ್ಯಾಂವ ನೀ?"

ಆ ಪ್ರಶ್ನೆ ಎಷ್ಟು ಸಲ ಕೇಳಿದ್ದೇನೆ, ಎಷ್ಟು ಜನರನ್ನು ಕೇಳಿದ್ದೇನೆ. ಅಪ್ಪನ ಹೆಸರು ನಾಲಿಗೆಗೆ ಬಂದಿತ್ತು. ಬಾಯಿಂದ ಬಂದದ್ದು ಬೇರೆ.

"ಬೈಲಹೊಂಗಲದಾಗ ಲಗ್ನ ಕೂಡಸೋ ಕಾಕಾ ಇದ್ರಲ್ಲರಿ, ಅವರ ಪೈಕಿರಿ."

ಅಜ್ಜಿ ಹುಬ್ಬು ಗಂಟು ಹಾಕಿದಳು. "ಈ ಹುಡುಗಿ ಅವ್ವನ ಲಗ್ನಾನೂ ಅಂವನ ಮಾಡಿಸಿದ್ದ. ಅಂವಗ ಹಿಂದ ಮುಂದ ಯಾರೂ ಇದ್ದಿಲ್ಲಂತಲ್ಲೋ?"

"ಇದ್ವಿರಿ ಯವ್ವಾ" ಎಂದೆ. "ನಾವ ಭಾಳ ಮಂದಿ ಇದ್ವಿ."